ನೂರಿಪ್ಪತ್ತೊಂಬತ್ತನೇ ಪುಟದ ಹೆಂಗಸು

ಮಾರ್ಚ್ ೬

ಅಕ್ಕ,

ಹದಿನೇಳನೇ ಪುಸ್ತಕ ಮುಗಿಯಿತು. ಮುಗಿದ ಮೇಲೆ ಮೂರು ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಈ ಅಣೆಕಟ್ಟಿನ ಮೇಲೆ ಮಾತಾಡೋಕೆ ಇರುವುದೇ ನಾಲ್ಕು ಜೀವ, ಅದರಲ್ಲಿ ಒಂದು ನಾಯಿ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ ಬಿಡು.

ಅಂಕ ಮೊದಲು ಹೇಳುತ್ತೇನೆ. ಹತ್ತಕ್ಕೆ ಹತ್ತು. ಹದಿನಾರು ಪುಸ್ತಕಗಳಲ್ಲಿ ಯಾವುದಕ್ಕೂ ನಾನು ಹತ್ತು ಕೊಟ್ಟಿರಲಿಲ್ಲ.

ಆಕಾಶದಲ್ಲಿ ಮುನ್ನೂರು ವರ್ಷದ ದಾರಿ ಹಿಡಿದ ಹಡಗು. ಒಳಗೆ ಎಲ್ಲರೂ ಮಲಗಿದ್ದಾರೆ, ಕ್ಯಾಪ್ಟನ್ ಒಬ್ಬನೇ ಎಚ್ಚರ. ದಿನಾ ಒಂದೇ ಮೀಟರಿನ ಮುಳ್ಳು ನೋಡುತ್ತಾನೆ, ಒಂದೇ ಅಂಕಿ ಬರೆಯುತ್ತಾನೆ. ನೀರಿನ ಮಟ್ಟ ಬರೆಯುವ ನನ್ನ ಕೆಲಸವೇ ಅದು, ಅವನಿಗೆ ನೀರಿಲ್ಲ ಅಷ್ಟೇ. ಹೀಗೆ ಹೋಗುತ್ತಿರುವಾಗ ನೂರಿಪ್ಪತ್ತೊಂಬತ್ತನೇ ಪುಟದಲ್ಲಿ, ಹೇಳದೆ ಕೇಳದೆ, ಒಬ್ಬ ಹೆಂಗಸು ಬರುತ್ತಾಳೆ. ಎರಡು ಸೂರ್ಯರಿರುವ ಯಾವುದೋ ನೆಲದಲ್ಲಿ ಬೀಜ ಹಾಕಿ ಮೊಳಕೆಗೆ ಕಾಯುತ್ತಾಳೆ. ಪಕ್ಕದ ಮನೆಯವನ ಜೊತೆ ಗೋಡೆ ವಿಷಯಕ್ಕೆ ಜಗಳ ಆಡುತ್ತಾಳೆ. ಮೂವತ್ತೆರಡು ಪುಟ. ಮೊಳಕೆ ಬಂತೋ ಇಲ್ಲವೋ ಹೇಳದೆ ಮತ್ತೆ ಕ್ಯಾಪ್ಟನ್, ಮತ್ತೆ ಮುಳ್ಳು. ಅವಳು ಯಾರು ಅಂತ ಕೊನೆಯವರೆಗೂ ಒಂದು ಮಾತಿಲ್ಲ. ಅವನ ಕನಸೋ, ಅವನ ತಾಯಿಯೋ, ಇನ್ನೂ ಹುಟ್ಟದ ಮಗಳೋ. ಎಂಥ ಎದೆಗಾರಿಕೆ ನೋಡು ಬರೆದವನದು. ನಾನಾಗಿದ್ದರೆ ವಿವರಿಸಿ ಕೆಡಿಸುತ್ತಿದ್ದೆ.

ಪುಸ್ತಕದೊಳಗೆ ನೀನಿಟ್ಟ ಅಂಕದ ಚೀಟಿ ನೋಡಿದರೆ ಇದಕ್ಕೂ ಏಳು. ಹದಿಮೂರನೇ ಪುಸ್ತಕದಿಂದ ಎಲ್ಲಕ್ಕೂ ಏಳೇ. ಬಲವಂತಕ್ಕೆ ಉಂಡ ನೆಂಟರು "ಚೆನ್ನಾಗಿತ್ತು" ಅಂದ ಹಾಗೆ. ನಾಲ್ಕನೇ ಪುಸ್ತಕಕ್ಕೆ ಎರಡು ಕೊಟ್ಟು, "ಇದಕ್ಕೆ ಪ್ರಶಸ್ತಿ ಕೊಟ್ಟವರನ್ನು ಇದೇ ರಾಕೆಟ್ಟಿನಲ್ಲಿ ಕೂರಿಸಿ ಬೆಂಕಿ ಹಚ್ಚಬೇಕು" ಅಂತ ಬರೆದವಳು ನೀನೇ ತಾನೆ?

ನಿಮ್ಮ ಗ್ರಂಥಾಲಯದ ರದ್ದಿ ರಾಶಿಯಿಂದ ಮೊದಲ ಪುಸ್ತಕ ಎತ್ತಿ, ಹೊಸ ರಟ್ಟು ಕಟ್ಟಿ ಕಳಿಸಿದ್ದು ನೀನು. ಅದರ ಹಿಂಬದಿಯಲ್ಲಿದ್ದ ಪಟ್ಟಿ ತೋರಿಸಿ, ಪ್ರಶಸ್ತಿ ಪಡೆದ ಈ ಮೂವತ್ತು ವೈಜ್ಞಾನಿಕ ಕಾದಂಬರಿಗಳನ್ನೂ ಇಬ್ಬರೂ ಓದಿಯೇ ತೀರೋಣ ಅಂದವಳೂ ನೀನು. ನೀನು ಮೊದಲು ಓದಿ ಅಂಕ ಹಾಕಬೇಕು, ಆಮೇಲೆ ನಾನು. ಅರ್ಧಕ್ಕೆ ಬಿಟ್ಟವರು ಇನ್ನೊಬ್ಬರನ್ನು ಬದುಕಿರುವವರೆಗೂ "ತಾವು" ಅನ್ನಬೇಕು, ಅದೂ ನಿನ್ನದೇ ಷರತ್ತು. ನನಗಿಂತ ಹನ್ನೊಂದು ವರ್ಷ ದೊಡ್ಡವಳು ನನ್ನನ್ನು ತಾವು ಅನ್ನುವ ದಿನಕ್ಕೆ ಕಾಯುತ್ತಿದ್ದೇನೆ. ಬೇಸರವಾಗಿದ್ದರೆ ಹೇಳಿಬಿಡು.

ಗೂಬೆ

*

ಮಾರ್ಚ್ ೨೦

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಬಂತು. ಸಂತೋಷ. ಆ ಹೆಂಗಸಿನ ಭಾಗ ನನಗೂ ಹಿಡಿಸಿತು. ಕನಸೇ ಇರಬೇಕು. ಲೇಖಕರು ಹಾಗೆಲ್ಲ ಮಾಡುತ್ತಾರೆ.

ಬೇಸರ ಏನಿಲ್ಲ. ವಯಸ್ಸಾದ ಮೇಲೆ ಎಲ್ಲದರಲ್ಲೂ ಏನೋ ಒಂದು ಒಳ್ಳೆಯದು ಕಾಣುತ್ತದೆ. ಅದಕ್ಕೇ ಏಳು.

ಹದಿನೆಂಟು, ಹತ್ತೊಂಬತ್ತು ಎರಡನ್ನೂ ಒಟ್ಟಿಗೆ ಕಳಿಸಿದ್ದೇನೆ. ಎರಡೂ ಓದಿದ್ದೇನೆ. ಕೆಳಗಿನ ಮನೆಯ ಟೈಲರಮ್ಮ ನಿನ್ನನ್ನು ಕೇಳಿದಳು ಅಂತ ಹೇಳು ಅಂದಳು.

ನಿನ್ನ ಅಕ್ಕ

*

ಏಪ್ರಿಲ್ ೧೭

ಅಕ್ಕ,

ತಡವಾಯಿತು. ಜೀಪು ಎರಡು ವಾರ ಬರಲಿಲ್ಲ, ದಾರಿಯಲ್ಲಿ ಕಲ್ಲು ಬಿದ್ದಿತ್ತು. ಅದು ಒಂದು ಕಾರಣ.

ಹದಿನೆಂಟನೆಯದು ಓದಿದೆ. ಅದರ ಬಗ್ಗೆ ನಿನ್ನನ್ನು ಒಂದು ಕೇಳಬೇಕಿತ್ತು. ಅದರಲ್ಲಿ ಒಬ್ಬ ಕುಂಟ ಅಡುಗೆಯವನು ಬರುತ್ತಾನಲ್ಲ, ಅವನ ಪಾತ್ರ ನಿನಗೆ ಹೇಗನ್ನಿಸಿತು? ಕೊನೆಯಲ್ಲಿ ಅವನನ್ನು ಹಾಗೆ ಸಾಯಿಸಬಾರದಿತ್ತು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಈಚೆಗೆ "ಪ್ರೀತಿಯ ತಮ್ಮನಿಗೆ" ಅಂತ ಶುರು ಮಾಡುತ್ತೀಯ. "ಲೋ ಗೂಬೆ" ಎಲ್ಲಿ ಹೋಯಿತು? ಸಾಲುಗಳೂ ಇಳಿಜಾರಿನಲ್ಲಿ ಉರುಳಿದ ಹಾಗೆ ಬಲಕ್ಕೆ ಬಂದಂತೆ ಕೆಳಗೆ ಜಾರುತ್ತಿವೆ. ಅವಸರದಲ್ಲಿ ಬರೆಯುತ್ತೀಯೋ, ನನ್ನ ಮೇಲೆ ಏನಾದರೂ ಸಿಟ್ಟೋ?

ಗೂಬೆ

*

ಏಪ್ರಿಲ್ ೩೦

ಪ್ರೀತಿಯ ತಮ್ಮನಿಗೆ,

ಸಿಟ್ಟೂ ಇಲ್ಲ ಗಿಟ್ಟೂ ಇಲ್ಲ. ಇಲ್ಲಿ ಕೆಲಸ ಜಾಸ್ತಿ. ಶಾಲೆಗಳಿಂದ ಹರಿದ ನಕ್ಷೆ ಪುಸ್ತಕಗಳು ಗುಡ್ಡೆ ಬಂದು ಬಿದ್ದಿವೆ.

ಅಡುಗೆಯವನ ಪಾತ್ರ ಚೆನ್ನಾಗಿದೆ. ಪಾಪ, ಅವನು ಸತ್ತಾಗ ನನಗೂ ಬೇಜಾರಾಯಿತು. ಆದರೆ ಕಥೆಗೆ ಅದು ಬೇಕಿತ್ತು.

ನೀರು ಎಷ್ಟಿದೆ? ಹುಷಾರು, ಗೋಡೆ ಅಂಚಿಗೆ ಹೋಗಬೇಡ.

ಅಕ್ಕ

*

ಮೇ ೮

ಅಕ್ಕ,

ಆ ಪುಸ್ತಕದಲ್ಲಿ ಅಡುಗೆಯವನಿಲ್ಲ. ಕುಂಟ ಇಲ್ಲ, ನೆಟ್ಟಗಿರುವವನೂ ಇಲ್ಲ. ಸಾಯುವವರೇ ಯಾರೂ ಇಲ್ಲ. ನಾನೇ ಹುಟ್ಟಿಸಿ ನಾನೇ ಕೊಂದೆ. ನಿನ್ನ ಬೇಜಾರು ದಂಡವಾಯಿತು.

ಮೋಸ ಮಾಡಿದೆ ಅಂತ ಬೈಯಬೇಡ, ಪೂರ್ತಿ ಕೇಳು. ಹದಿನೆಂಟನೇ ಪುಸ್ತಕ ತೆರೆದರೆ ಮೊದಲ ಪುಟದಲ್ಲೇ ಆ ಹೆಂಗಸು. ಅದೇ ಎರಡು ಸೂರ್ಯ, ಅದೇ ಗೋಡೆ ಜಗಳ. ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಡೆದು ಬಂದಿದ್ದಾಳೆ ಅಂದುಕೊಂಡೆ. ಆಮೇಲೆ ನೂರಿಪ್ಪತ್ತೊಂಬತ್ತನೇ ಪುಟಕ್ಕೆ ಬಂದರೆ ಅಲ್ಲಿ ಕ್ಯಾಪ್ಟನ್ ಕೂತಿದ್ದಾನೆ, ಮುಳ್ಳು ನೋಡುತ್ತಾ. ನೂರ ಅರವತ್ತಕ್ಕೆ ಎದ್ದು ಹೋದ.

ನೀನೇ ಬಿಚ್ಚಿ ಹೊಸದಾಗಿ ಹೊಲಿದು ಕಳಿಸಿದ ಎರಡು ಪುಸ್ತಕವನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದೇ ಅಳತೆ, ಒಂದೇ ಅಕ್ಷರ, ಒಂದೇ ಕಾಗದ. ಹದಿನಾರು ಪುಟಕ್ಕೆ ಒಂದು ಫಾರಂ, ಅದನ್ನು ಮಡಿಸಿ ಒಂದರ ಮೇಲೊಂದು ಪೇರಿಸಿ ಹೊಲಿಯುತ್ತಾರೆ ಅಂತ ಚಿಕ್ಕಂದಿನಲ್ಲಿ ನನ್ನನ್ನು ಮೇಜಿನ ಮೇಲೆ ಕೂರಿಸಿ ಕಲಿಸಿದವಳು ನೀನೇ. ಒಂಬತ್ತು, ಹತ್ತನೇ ಫಾರಂಗಳು ಅದರವು ಇದಕ್ಕೆ, ಇದರವು ಅದಕ್ಕೆ ಅದಲು ಬದಲಾಗಿವೆ. ಪುಟದ ಸಂಖ್ಯೆ ಮಾತ್ರ ಕರಾರುವಾಕ್ಕು. ಅಂದರೆ ನೀನು ಸಂಖ್ಯೆ ನೋಡಿ ಹೊಲಿದಿದ್ದೀಯ, ಸಾಲು ನೋಡಿಲ್ಲ. ಓದಿದ್ದರೆ ನಿನಗೆ ತಿಳಿಯುತ್ತಿತ್ತು. ಮೂವತ್ತೈದು ವರ್ಷದಲ್ಲಿ ನಿನ್ನ ಕೈಯಲ್ಲಿ ಒಂದು ಹಾಳೆ ತಲೆಕೆಳಗಾದದ್ದು ನಾನು ಕಂಡಿಲ್ಲ.

ನಿನಗೆ ನನ್ನ ಸಹವಾಸ ಸಾಕಾಗಿದೆ, ಹೇಳೋಕಾಗದೆ ಏಳು ಏಳು ಅಂತ ತಳ್ಳುತ್ತಿದ್ದೀಯ ಅಂತ ನಾಲ್ಕು ತಿಂಗಳಿಂದ ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಜಾರುವ ಸಾಲು, ದಪ್ಪಗಾದ ಅಕ್ಷರ. ಅಕ್ಕ, ನಿನ್ನ ಕಣ್ಣಿಗೆ ಏನಾಗಿದೆ?

*

ಮೇ ೨೯

ಮಾನ್ಯರೇ,

ತಾವು ಬರೆದ ಪತ್ರ ತಲುಪಿತು. ತಾವು ಗೆದ್ದಿದ್ದೀರಿ. ಷರತ್ತಿನ ಪ್ರಕಾರ ಇನ್ನು ಮುಂದೆ ತಮ್ಮನ್ನು ಹೀಗೇ ಕರೆಯತಕ್ಕದ್ದು.

ಹನ್ನೆರಡನೇ ಪುಸ್ತಕ ನಾನು ಓದಿದ ಕೊನೆಯದು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಉಜ್ಜಿ ಉಜ್ಜಿ ಹಳೆಯದಾದ ಗಾಜಿನಲ್ಲಿ ನೋಡಿದ ಹಾಗೆ. ಪುಟದ ಸಂಖ್ಯೆ ಭೂತಗನ್ನಡಿಯಲ್ಲಿ ಕಾಣುತ್ತದೆ, ಸಾಲು ಕಾಣುವುದಿಲ್ಲ. ಹೊಲಿಗೆಗೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಸೂಜಿಗೆ ದಾರ ಬೆಳಿಗ್ಗೆಯೇ ಟೈಲರಮ್ಮ ಪೋಣಿಸಿ, ಹತ್ತು ಸೂಜಿ ಒಂದು ದಿಂಬಿಗೆ ಚುಚ್ಚಿ ಕೊಡುತ್ತಾಳೆ. ತಮ್ಮ ಪತ್ರ ಓದಿ ಹೇಳುವವಳೂ ಅವಳೇ. ಅಡುಗೆಯವನು ಚೆನ್ನಾಗಿದ್ದಾನೆ ಅಂತ ಬರಿ, ಅಡುಗೆಯವರು ಎಲ್ಲ ಕಥೆಯಲ್ಲೂ ಚೆನ್ನಾಗೇ ಇರುತ್ತಾರೆ ಅಂತ ಸಲಹೆ ಕೊಟ್ಟವಳು ಕೂಡ ಅವಳೇ. ಅವಳ ಮಾತು ಕೇಳಿದ್ದು ನನ್ನ ತಪ್ಪು.

ಸುಳ್ಳು ಹೇಳೋಕೆ ಶುರು ಮಾಡಿದ ಮೇಲೆ "ಲೋ ಗೂಬೆ" ಬರೆಯೋಕೆ ಕೈ ಬರಲಿಲ್ಲ. ಅಷ್ಟೇ. ಸಿಟ್ಟಲ್ಲ.

ಫಾರಂ ಅದಲು ಬದಲಾದದ್ದು ಕೇಳಿ ಎರಡು ದಿನ ಊಟ ಸೇರಲಿಲ್ಲ. ನನ್ನ ಕೈಯಿಂದ. ತಾವು ಆ ಎರಡೂ ಪುಸ್ತಕ ವಾಪಸು ಕಳಿಸಬೇಕು, ಬಿಚ್ಚಿ ಸರಿಯಾಗಿ ಹೊಲಿಸುತ್ತೇನೆ.

ಶಸ್ತ್ರಚಿಕಿತ್ಸೆ ಮಾಡಿಸಿಕೋ ಅಂತ ತಾವು ಬರೆಯುತ್ತೀರಿ ಅಂತ ಗೊತ್ತು. ಡಾಕ್ಟರು ಎರಡು ಸಲ ದಿನ ಕೊಟ್ಟರು, ಎರಡು ಸಲವೂ ಆಸ್ಪತ್ರೆ ಬಾಗಿಲಿನಿಂದ ಹಿಂದಕ್ಕೆ ಬಂದೆ. ಇನ್ನೂ ತಡ ಮಾಡಿದರೆ ಪೊರೆ ಕಲ್ಲಾಗುತ್ತದೆ, ತೆಗೆಯೋದು ಕಷ್ಟ ಅಂದಿದ್ದಾರೆ. ಇರಲಿ. ಅಮ್ಮನ ಕಣ್ಣನ್ನು ಡಾಕ್ಟರ ಕೈಗೆ ಕೊಟ್ಟೆವು, ಆ ಕಣ್ಣು ಹೋಯಿತು, ಇನ್ನೊಂದರಲ್ಲಿ ಮೊದಲೇ ಬೆಳಕಿರಲಿಲ್ಲ. ಆಮೇಲೆ ಹತ್ತು ವರ್ಷ ಅಮ್ಮನ ಕೈ ಹಿಡಿದು ನಡೆಸಿದವಳು ನಾನು. ತಾವು ಚಿಕ್ಕವರಿದ್ದಿರಿ. ಮಬ್ಬಾದರೂ ಬೆಳಕು ಕಾಣುತ್ತಿದೆ, ಅದನ್ನೂ ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ತಮ್ಮ ವಿಧೇಯಳು

*

ಜೂನ್ ೫

ಅಕ್ಕ,

ಟೈಲರಮ್ಮನವರೇ, ಇದನ್ನು ನಿಧಾನವಾಗಿ ಓದಿ. ಮಧ್ಯೆ ನಿಲ್ಲಿಸಬೇಡಿ, ಅವಳು ಎದ್ದು ಹೋದರೆ ಹಿಂದೆಯೇ ಹೋಗಿ ಓದಿ.

ನನಗೆ ಆರು ವರ್ಷ. ಅಮ್ಮನ ಕಣ್ಣಿಗೆ ಕಟ್ಟು ಕಟ್ಟಿ ಮೂರನೇ ದಿನ. ಅಲ್ಲಾಡದೆ ಮಲಗಿಸಿ, ನಾಲ್ಕು ದಿನ ಕಟ್ಟು ಬಿಚ್ಚಬೇಡಿ ಅಂದಿದ್ದರು. ನೀನು ಔಷಧಿ ತರೋಕೆ ಹೋಗಿದ್ದೆ. ನನಗೆ "ಅಮ್ಮನ ಹತ್ತಿರ ಕೂತಿರು" ಅಂತ ಹೇಳಿ ಹೋಗಿದ್ದೆ. ನಾನು ಕೂರಲಿಲ್ಲ. ಹಿಂದಿನ ಗೋಡೆ ಹತ್ತಿದೆ, ಅಲ್ಲಿಂದ ಬಿದ್ದೆ. ಮೊಣಕೈ ಮುರಿಯಿತು. ನಾನು ಕಿರುಚಿದ್ದು ಕೇಳಿ ಅಮ್ಮ ಎದ್ದಳು. ಎಲ್ಲಿದ್ದೀಯ ಎಲ್ಲಿದ್ದೀಯ ಅಂತ ಗೋಡೆ ತಡವಿದಳು. ಆಮೇಲೆ ಎರಡು ಕೈಯಲ್ಲೂ ಕಟ್ಟು ಕಿತ್ತು ಬಿಸಾಡಿ ಹೊರಗೆ ಓಡಿ ಬಂದಳು. ಮಣ್ಣಿನಲ್ಲಿ ಕೂತು ನನ್ನನ್ನು ಎತ್ತಿಕೊಂಡಳು. ಅದೇ ಮಣ್ಣುಗೈಯಲ್ಲಿ ಕಣ್ಣೊರೆಸಿಕೊಂಡಳು.

ಒಳಗೆ ಬಂದು ಅಮ್ಮನೇ ಮತ್ತೆ ಕಟ್ಟು ಸುತ್ತಿಕೊಂಡಳು. "ಅಕ್ಕನಿಗೆ ಹೇಳಬೇಡ, ನಿನ್ನ ಚರ್ಮ ಸುಲೀತಾಳೆ" ಅಂದಳು. ಕೈಗೆ ಏನಾಯಿತು ಅಂತ ನೀನು ಕೇಳಿದಾಗ ಬಚ್ಚಲಲ್ಲಿ ಜಾರಿದೆ ಅಂದೆ. ವಾರಕ್ಕೆ ಕಣ್ಣು ಕೀವಾಯಿತು. ನೀನು ಆಸ್ಪತ್ರೆ ಗೇಟಿನ ಮುಂದೆ ನಿಂತು ಆ ಡಾಕ್ಟರನ್ನು ಬೈದದ್ದು ನನಗೆ ಇವತ್ತೂ ಕೇಳಿಸುತ್ತದೆ. ನಾನು ನಿನ್ನ ಸೆರಗು ಹಿಡಿದು ಅಲ್ಲೇ ನಿಂತಿದ್ದೆ.

ನಲವತ್ತೊಂದು ವರ್ಷ ಹೇಳಲಿಲ್ಲ. ಮೊದಲು ಏಟಿನ ಭಯ, ಆಮೇಲೆ ಅಮ್ಮನಿಗೆ ಕೊಟ್ಟ ಮಾತು, ಆಮೇಲೆ ಬರೀ ನಾಚಿಕೆ. ಆ ಡಾಕ್ಟರ ಕೈ ತಪ್ಪಿರಲಿಲ್ಲ ಅಕ್ಕ. ತಪ್ಪಿದ್ದು ನಾನು. ನೀನು ಹೆದರಬೇಕಾದದ್ದು ಚಾಕುವಿಗಲ್ಲ, ನನಗೆ. ನಾನು ಇಲ್ಲಿ ದೂರದಲ್ಲಿದ್ದೇನೆ, ಗೋಡೆ ಹತ್ತೋದನ್ನೂ ಬಿಟ್ಟಿದ್ದೇನೆ.

ನಿನಗೆ ಏನನ್ನಿಸಿದರೂ ಸರಿ, ಕಣ್ಣಿಗೆ ಹೋಗು.

ಇದರ ಜೊತೆ ಹತ್ತೊಂಬತ್ತನೇ ಪುಸ್ತಕ ವಾಪಸು ಕಳಿಸಿದ್ದೇನೆ. ಟೈಲರಮ್ಮನವರು ಓದಿ ಹೇಳಲಿ. ಕಥೆಯ ತಲೆ ಇಷ್ಟು: ಸಮುದ್ರದ ತಳದಲ್ಲಿ ಗಾಜಿನ ಊರು. ಅಲ್ಲಿ ಗಾಜಿನ ಬಿರುಕು ಮುಚ್ಚುವ ಒಬ್ಬ ರಿಪೇರಿಯವಳು, ಮುಂಗೋಪಿ, ಥೇಟ್ ನಿನ್ನ ಹಾಗೆ. ಒಂದು ದಿನ ಹೊರಗಿನಿಂದ, ಮನುಷ್ಯರು ಇರೋಕೇ ಸಾಧ್ಯವಿಲ್ಲದ ಕಡೆಯಿಂದ, ಯಾರೋ ಗಾಜು ತಟ್ಟುತ್ತಾರೆ. ಏಳು ಸಲ. ಮಾರನೇ ದಿನವೂ ಏಳು ಸಲ. ಊರಿನವರು ಬಾಗಿಲು ತೆಗೆಯಬೇಡ, ನೀರು ನುಗ್ಗುತ್ತದೆ ಅನ್ನುತ್ತಾರೆ. ಇವಳು ಬಿಡುವವಳಲ್ಲ. ಮುನ್ನೂರ ನಾಲ್ಕನೇ ಪುಟದಲ್ಲಿ ಚಿಲಕದ ಮೇಲೆ ಕೈ ಇಡುತ್ತಾಳೆ.

ಮುಂದಿನ ಹದಿನಾರು ಪುಟ, ಕೊನೆಯ ಫಾರಂ, ನಾನು ಕಿತ್ತಿಟ್ಟುಕೊಂಡಿದ್ದೇನೆ. ನಿನ್ನ ಕಣ್ಣಲ್ಲಿ ನೀನೇ ಓದುವ ಹಾಗಿದ್ದರೆ ಕಳಿಸುತ್ತೇನೆ.

ಗೂಬೆ

*

ಜುಲೈ ೩

ಅಕ್ಕ,

ನಾಲ್ಕು ಜೀಪು ಬಂದು ಹೋದವು, ನಿನ್ನ ಪತ್ರವಿಲ್ಲ. ಡ್ರೈವರು ನನ್ನ ಮುಖ ನೋಡಿ, "ಇವತ್ತೂ ಇಲ್ಲ ಸಾರ್" ಅಂತ ದೂರದಿಂದಲೇ ಕೈಯಾಡಿಸುತ್ತಾನೆ.

ಹೇಳಬಾರದಿತ್ತೇನೋ. ಹೇಳದೆಯೂ ಇರಬಾರದಿತ್ತು. ನೀರು ಎರಡು ಅಡಿ ಏರಿದೆ. ಬರೆಯೋಕೆ ಬೇರೇನೂ ಇಲ್ಲ. ಬೈದು ಒಂದು ಸಾಲು ಹಾಕು, ಸಾಕು.

*

ಜುಲೈ ೨೧

ಮಾನ್ಯರೇ,

ಇದನ್ನು ಬರೆಯುತ್ತಿರುವುದು ಕೆಳಗಿನ ಮನೆಯ ಟೈಲರ್. ನಿಮ್ಮ ಅಕ್ಕ ಹೇಳುತ್ತಾರೆ, ನಾನು ಬರೆಯುತ್ತೇನೆ, ಇನ್ನು ಮುಂದೆ ಕಂಸದಲ್ಲಿರುವುದು ಮಾತ್ರ ನನ್ನ ಮಾತು. "ಮಾನ್ಯರೇ ಅಂತಲೇ ಹಾಕು, ಷರತ್ತು ಷರತ್ತೇ" ಅಂದರು, ಹಾಕಿದ್ದೇನೆ.

ತಾವು ಬರೆದದ್ದು ಕೇಳಿದ ಮೇಲೆ ಹದಿನೈದು ದಿನ ತಮ್ಮ ಹೆಸರು ಎತ್ತಲಿಲ್ಲ. ಸಿಟ್ಟು ಬಂದಿತ್ತು. ತಮ್ಮ ಮೇಲೆ, ಅಮ್ಮನ ಮೇಲೆ, ಔಷಧಿ ಅಂಗಡಿಯಲ್ಲಿ ಮಾತಾಡುತ್ತಾ ನಿಂತಿದ್ದ ನನ್ನ ಮೇಲೆ. (ನನ್ನ ಮೇಲೂ ಬಂದಿತ್ತು, ಸುಮ್ಮನೆ. ಎರಡು ದಿನ ಸೂಜಿ ಪೋಣಿಸೋಕೆ ಬಿಡಲಿಲ್ಲ. ಟೈಲರ್.) ಆಮೇಲೆ ಲೆಕ್ಕ ಹಾಕಿದೆ. ಆರು ವರ್ಷದ ಮಗುವಿನ ಮೇಲೆ ಐವತ್ತೆಂಟು ವರ್ಷದವಳು ಎಷ್ಟು ದಿನ ಅಂತ ಸಿಟ್ಟು ಇಟ್ಟುಕೊಳ್ಳೋದು? ಆ ಡಾಕ್ಟರು ಬದುಕಿದ್ದರೆ ಹೋಗಿ ಕಾಲು ಹಿಡಿಯುತ್ತಿದ್ದೆ. ಗೇಟಿನ ಮುಂದೆ ಅವರ ಅಪ್ಪ ಅಜ್ಜನನ್ನೆಲ್ಲ ಎಳೆದು ಬೈದಿದ್ದೆ.

ಅಮ್ಮ ಕಟ್ಟು ಕಿತ್ತದ್ದು ಗೊತ್ತಾಗಿದ್ದರೂ ನಾನು ಏನು ಮಾಡುತ್ತಿದ್ದೆ? ಅವಳ ಜಾಗದಲ್ಲಿ ನಾನಿದ್ದರೂ ಕೀಳುತ್ತಿದ್ದೆ. ತಾವು ಅಷ್ಟು ಜೋರಾಗಿ ಕಿರುಚುತ್ತಿದ್ದಿರಿ ಚಿಕ್ಕಂದಿನಲ್ಲಿ.

ಈ ತಿಂಗಳ ಹದಿನಾಲ್ಕಕ್ಕೆ ಬಲಗಣ್ಣು ಮಾಡಿಸಿಕೊಂಡೆ. ಗಂಟೆಯೂ ಆಗಲಿಲ್ಲ. ಮಾರನೇ ದಿನವೇ ಕಟ್ಟು ಬಿಚ್ಚಿದರು. ಡಾಕ್ಟರೇ ಬಿಚ್ಚಿದ್ದು, ನಾನಲ್ಲ. (ಬಾಗಿಲ ಹತ್ತಿರ ಮತ್ತೆ ಹಿಂದೆ ತಿರುಗಿದರು. ಮುನ್ನೂರ ನಾಲ್ಕನೇ ಪುಟದ ಆ ಹೆಂಗಸು ಚಿಲಕದ ಮೇಲೆ ಕೈ ಇಟ್ಟು ಎಷ್ಟು ದಿನ ನಿಂತಿರಬೇಕು ಅಂತ ಕೇಳಿದೆ. ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋದರು. ಟೈಲರ್.)

ಕಟ್ಟು ಬಿಚ್ಚಿದ ಕೂಡಲೇ ಮೊದಲು ಕಂಡದ್ದು ಟೈಲರಮ್ಮನ ಮುಖ. ಇಷ್ಟು ನರೆತಿದ್ದಾಳೆ ಅಂತ ಗೊತ್ತೇ ಇರಲಿಲ್ಲ. (ಇದನ್ನು ನಾನು ಬರೆಯಬಾರದು ಅಂದುಕೊಂಡಿದ್ದೆ. ಟೈಲರ್.)

ಒಂದು ತಿಂಗಳು ಓದುವಂತಿಲ್ಲ, ಕನ್ನಡಕ ಆಮೇಲೆ. ಎಡಗಣ್ಣಿಗೆ ಚಳಿಗಾಲದಲ್ಲಿ ದಿನ ಕೊಟ್ಟಿದ್ದಾರೆ. ಆ ದಿನ ತಪ್ಪಿಸುವುದಿಲ್ಲ.

ಪುಸ್ತಕ ಬಂತು. ಬೆರಳಲ್ಲಿ ತಡವಿ ನೋಡಿದೆ. ಕೊನೆಯ ಫಾರಂ ಕಿತ್ತದ್ದಲ್ಲ, ಬ್ಲೇಡಿನಲ್ಲಿ ಕೊಯ್ದಿದ್ದೀರಿ. ಹೊಲಿಗೆ ಬಿಚ್ಚೋದು ಹಾಗಾ? ಮೇಜಿನ ಮೇಲೆ ಕೂರಿಸಿ ಕಲಿಸಿದ್ದೆಲ್ಲ ನೀರಿಗೆ ಹೋಯಿತು. ಆ ಹದಿನಾರು ಪುಟ ಕೂಡಲೇ ಕಳಿಸತಕ್ಕದ್ದು.

ತಮ್ಮ ವಿಧೇಯಳು

(ನನಗೂ ತಿಳಿಯಬೇಕು. ಯಾರು ತಟ್ಟುತ್ತಿರುವುದು? ಟೈಲರ್.)

*

ಜುಲೈ ೨೯

ಅಕ್ಕ,

ನಿನ್ನ ಪತ್ರವನ್ನು ನಾಯಿಗೂ ಓದಿ ಹೇಳಿದೆ.

ಹದಿನಾರು ಪುಟ ಇದರ ಜೊತೆಗಿದೆ. ಅಂಚು ಸ್ವಲ್ಪ ಹರಿದಿದೆ, ಕ್ಷಮಿಸು, ಬ್ಲೇಡೇ ಅದು. ಟೈಲರಮ್ಮನವರು ಕದ್ದು ಓದುವಂತಿಲ್ಲ. ಅವಳ ಕನ್ನಡಕ ಬರುವವರೆಗೂ ಕಾಯಬೇಕು.

ಹದಿನೇಳು, ಹದಿನೆಂಟನ್ನೂ ಗೋಣಿಚೀಲದಲ್ಲಿ ಸುತ್ತಿ ಕಳಿಸಿದ್ದೇನೆ. ಒಂದೇ ಬೇಡಿಕೆ. ಬಿಚ್ಚುವ ಮೊದಲು ಹದಿನೇಳನ್ನು ಈಗಿರುವ ಹಾಗೇ ಒಂದು ಸಲ ಓದು. ಆಮೇಲೆ ಬೇಕಾದರೆ ಬಿಚ್ಚು.

ಇನ್ನು ಆ ತಾವು ಸಾಕು. ನನ್ನ ಬೆನ್ನ ಹಿಂದೆ ಯಾರೋ ದೊಡ್ಡ ಸಾಹೇಬರು ನಿಂತಿದ್ದಾರೇನೋ ಅಂತ ತಿರುಗಿ ತಿರುಗಿ ನೋಡೋ ಹಾಗಾಗಿದೆ.

ಗೂಬೆ

*

ಸೆಪ್ಟೆಂಬರ್ ೧೧

ಲೋ ಗೂಬೆ,

ಸಾಲು ನೆಟ್ಟಗಿದೆ ನೋಡಿಕೋ. ಸ್ಕೇಲ್ ಇಟ್ಟಿಲ್ಲ.

ಕನ್ನಡಕ ಹೋದ ವಾರ ಬಂತು. ಸೂಜಿಗೆ ನಾನೇ ದಾರ ಹಾಕಿದೆ. ಟೈಲರಮ್ಮನಿಗೆ ಅದು ಅಷ್ಟು ಹಿಡಿಸಲಿಲ್ಲ. ನೀನು ಕೊಯ್ದ ಅಂಚಿಗೆ ತೆಳು ಕಾಗದ ಅಂಟಿಸಿ, ಒಣಗಿಸಿ, ಕೊನೆಯ ಫಾರಂ ಹೊಲಿದೆ. ಆಮೇಲೆ ಕಿಟಕಿ ಪಕ್ಕ ಕೂತು ಓದಿದೆ, ಅವಳಿಗೂ ಕೇಳಿಸುವ ಹಾಗೆ, ಜೋರಾಗಿ.

ಹತ್ತೊಂಬತ್ತನೇ ಪುಸ್ತಕ: ಮೂರು. ಇದೇನು ಕೊನೆಯಾ? ಹದಿನಾರು ಪುಟ ಚಿಲಕ ಹಿಡಿದು ನಿಲ್ಲಿಸಿ, ಬಾಗಿಲು ತೆಗೆದ ಕೂಡಲೇ ಪುಸ್ತಕ ಮುಗಿಸಿದ್ದಾನೆ. ಹೊರಗೆ ಯಾರಿದ್ದರು ಅಂತ ಹೇಳೋಕೆ ಅವನಿಗೇ ಗೊತ್ತಿಲ್ಲ. ಇದಕ್ಕಾಗಿ ನಾನು ಕಣ್ಣು ಕೊಯ್ಸಿಕೊಂಡೆ. ಪ್ರಶಸ್ತಿ ಕೊಟ್ಟವರನ್ನು ಅದೇ ಬಾಗಿಲಿನಿಂದ ಹೊರಗೆ ಹಾಕಬೇಕು. ತಟ್ಟುತ್ತಿದ್ದದ್ದು ಹೊರಗಿನ ಕೊಳಾಯಿ ಸಡಿಲವಾಗಿ ಅಂತ ಟೈಲರಮ್ಮ ಹೇಳುತ್ತಾಳೆ. ಅವಳು ಬರೆದಿದ್ದರೆ ಐದು ಕೊಡುತ್ತಿದ್ದೆ.

ಹದಿಮೂರರಿಂದ ಹದಿನಾರರವರೆಗಿನವೂ ಕಳಿಸು. ಏಳುಗಳನ್ನೆಲ್ಲ ಹೊಡೆದುಹಾಕಿ ಸರಿಯಾದ ಅಂಕ ಹಾಕಬೇಕು. ನೀನು ಅಷ್ಟರಲ್ಲಿ ಇಪ್ಪತ್ತನೆಯದು ಮುಟ್ಟಬೇಡ, ಅದು ನನ್ನ ಹತ್ತಿರವೇ ಇದೆ. ನಾನು ಅರ್ಧಕ್ಕೆ ಬಿಟ್ಟಿಲ್ಲ, ಮಧ್ಯೆ ಸ್ವಲ್ಪ ನಿಂತಿದ್ದೆ. ಅದಕ್ಕೇ ತಾವು ರದ್ದು. ಮೂರು ತಿಂಗಳು ಅನುಭವಿಸಿದೆಯಲ್ಲ, ಅಷ್ಟೇ ನಿನ್ನ ಯೋಗ್ಯತೆ.

ಇನ್ನು ಹದಿನೇಳು. ನೀನು ಹೇಳಿದ ಹಾಗೇ ಓದಿದೆ. ಪಕ್ಕದಲ್ಲಿ ಚಾಕು, ಸೂಜಿ, ದಾರ, ಅಂಟು ಎಲ್ಲ ಸಿದ್ಧ ಮಾಡಿಟ್ಟುಕೊಂಡೇ ಕೂತಿದ್ದೆ, ಮುಗಿದ ಕೂಡಲೇ ಬಿಚ್ಚೋಣ ಅಂತ. ಕ್ಯಾಪ್ಟನ್ ಮುಳ್ಳು ನೋಡುತ್ತಿದ್ದ. ನೂರಿಪ್ಪತ್ತೊಂಬತ್ತಕ್ಕೆ ಬಂದೆ. ಆ ಹೆಂಗಸು ಬೀಜ ಹಾಕಿ ಕೂತಳು. ಅವಳು ತಪ್ಪಾಗಿ ಬಂದವಳು, ಅವಳನ್ನು ಅಲ್ಲಿಗೆ ತಂದು ಕೂರಿಸಿದವಳು ನಾನು, ಎಲ್ಲ ಗೊತ್ತು. ಆದರೂ ನೂರ ಅರವತ್ತೊಂದಕ್ಕೆ ಮತ್ತೆ ಅವನೊಬ್ಬನೇ ಆದಾಗ ನನಗೆ ಅವಳ ಮೊಳಕೆಯದೇ ಯೋಚನೆ. ಅವನಿಗೂ ಅದೇ ಯೋಚನೆ ಅಂತ ಅನ್ನಿಸಿತು. ಅಂಟು ಒಣಗಿ ಹೋಯಿತು.

ಬಿಚ್ಚಿಲ್ಲ. ಬೆನ್ನು ಸ್ವಲ್ಪ ಸಡಿಲವಿತ್ತು, ಅದಕ್ಕೆ ಬಟ್ಟೆ ಹಾಕಿ ಬಿಗಿ ಮಾಡಿದ್ದೇನೆ, ಇನ್ನು ಮೂವತ್ತು ವರ್ಷ ಅಲ್ಲಾಡುವುದಿಲ್ಲ. ಚೀಟಿಯಲ್ಲಿ ನನ್ನ ಅಂಕ ನೋಡಿಕೋ. ಬರೆದವನಿಗೆ ಆರು. ಹೊಲಿದವಳಿಗೆ ನಾಲ್ಕು.

ಅಕ್ಕ